ಮಾವ ಮತ್ತು ಎರಡಂತಸ್ತಿನ ಹಾರ್ಮೋನಿಯಂ

ನಮ್ಮ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿರುವುದು ಎರಡೇ ಬಗೆ: ಗಾಳಿ ಸರಿಯಿರುವವು, ಗಾಳಿ ಸರಿಯಿಲ್ಲದವು. ಮನುಷ್ಯರು, ಪ್ರೆಷರ್ ಕುಕ್ಕರುಗಳು, ಸರ್ಕಾರಗಳು, ಎದುರುಮನೆಯ ನಾಯಿ, ಎಲ್ಲವೂ ಇದರೊಳಗೇ ಬಂತು. ಮೂರನೆಯ ಬಗೆಯೊಂದು ಇರಬಹುದಲ್ಲ ಎಂದು ವಾದಕ್ಕೆ ಹೋದವರನ್ನು ಅವರು ಕರುಣೆಯಿಂದ ನೋಡಿ, "ನಿಂಗೂ ಒಸಿ ಗಾಳಿ ಕಮ್ಮಿ ಕಣವ್ವಾ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ!

ಇದು ವಂಶದಿಂದ ಬಂದದ್ದು. ಮಾವನದು ಯಲಹಂಕದ ಹಳೇ ಊರಿನೊಳಗಿನ ಕುಲುಮೆ ಮನೆ. ಅವರ ತಾತ ನೇಗಿಲಿಗೆ ಗುಳ ತಟ್ಟಿದರು, ಅಪ್ಪ ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಹಾಕಿದರು. ಮಾವನ ಕಾಲಕ್ಕೆ ನೇಗಿಲೂ ಹೋಯಿತು, ಗಾಡಿಯೂ ಹೋಯಿತು, ಹೊಲಗಳೆಲ್ಲ ಲೇಔಟಾದವು. ಆ ಲೇಔಟಿನ ಮನೆಗಳಿಗೆ ಮಾವ ಗೇಟು, ಕಿಟಕಿಯ ಗ್ರಿಲ್ಲು ಮಾಡಿಕೊಟ್ಟರು. ಸುತ್ತಮುತ್ತಲಿನವರೆಲ್ಲ ಬೆಂಕಿಗೆ ಗಾಳಿ ಹಾಕಲು ಕರೆಂಟಿನ ಬ್ಲೋವರ್ ತಂದರೂ ಇವರು ಮಾತ್ರ ಅಪ್ಪನ ಕಾಲದ ತಿದಿಯನ್ನು ಬಿಡಲಿಲ್ಲ. ತಿದಿ ಅಂದರೆ ಗೊತ್ತಲ್ಲ? ಕುಲುಮೆಯ ಕೆಂಡಕ್ಕೆ ಊದುವ ಚರ್ಮದ ದೊಡ್ಡ ಚೀಲ. ಹಿಡಿ ಒತ್ತಿದರೆ ಬುಸ್ಸೆಂದು ಉಸಿರು ಬಿಡುತ್ತದೆ, ಬಿಟ್ಟರೆ ಎಳೆದುಕೊಳ್ಳುತ್ತದೆ.

"ಕರೆಂಟ್ ಗಾಳಿಗೆ ಬುದ್ಧಿ ಇಲ್ಲ ಕಣವ್ವಾ" ಎನ್ನುತ್ತಿದ್ದರು. "ವೇದಿಕೆ ಹತ್ತಿದೋರ ಭಾಷಣ ಇದ್ದಂಗೆ. ಸುಮ್ಕೆ ಬೀಸ್ತಾನೇ ಇರ್ತೈತೆ. ಕೈಯಿನ ಗಾಳಿಗಾದ್ರೆ ಯಾವಾಗ ಸುಮ್ಕಿರಬೇಕು ಅಂತ ಗೊತ್ತಿರ್ತೈತೆ."

ನನ್ನ ಮದುವೆ ಕೂಡ ಈ ಗಾಳಿಶಾಸ್ತ್ರದ ಪ್ರಕಾರವೇ ನಿಶ್ಚಯವಾಯಿತು ಎಂದರೆ ನೀವು ನಂಬಬೇಕು. ಹುಡುಗ ನೋಡಲು ಬಂದ ದಿನ ನಮ್ಮಪ್ಪ, ಕೆಲಸ ಕಾಯಂ ಆಗಿದೆಯೇ ಎಂದು ಕೇಳಿದರು. ಮಾವನ ಹೆಂಡತಿ, ಅಂದರೆ ನಮ್ಮತ್ತೆ, ಮನೆದೇವರು ಯಾವುದೆಂದು ಕೇಳಿದರು. ಮಾವ ಏನನ್ನೂ ಕೇಳಲಿಲ್ಲ. ಅಡುಗೆಮನೆಗೆ ಬಂದು, ಕಾಫಿಯನ್ನು ಕೊತಕೊತ ಕುದಿಸಿ, ಸ್ಟೀಲ್ ಲೋಟದಲ್ಲಿ ತುಂಬಿಸಿ ಹುಡುಗನ ಕೈಗೆ ಕೊಟ್ಟು ಎದುರಿಗೆ ಕುಳಿತರು. ಪಾಪ, ಆ ಬಡಪಾಯಿ ತಾನೆ ಏನು ಮಾಡಿಯಾನು? ಊದಿದ. ಮತ್ತೆ ಊದಿದ. ಮಾವ ತಲೆಯನ್ನು ಒಂದು ಕಡೆ ವಾಲಿಸಿ, ಸಂಗೀತ ಕಛೇರಿಯಲ್ಲಿ ಕೂತವರ ಹಾಗೆ ಕೇಳಿಸಿಕೊಂಡರು. ಆಮೇಲೆ ಒಳಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದರು: "ಉದ್ದನೆ ಉಸ್ರು. ನಡುವೆ ಎಲ್ಲೂ ಮುರಿಯಲ್ಲ. ಕೋಪಿಷ್ಟ ಅಲ್ಲ. ಕೊಡಬೋದು."

ಮಾವನ ಪರೀಕ್ಷೆ ಸುಳ್ಳಾಗಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಿಂದ ನನ್ನ ಗಂಡ ಅದೇ ಉದ್ದನೆಯ, ನಡುವೆ ಎಲ್ಲೂ ಮುರಿಯದ ಉಸಿರಿನಲ್ಲಿ ಗೊರಕೆ ಹೊಡೆಯುತ್ತಿದ್ದಾರೆ!

ಇನ್ನೊಂದು ಸಲ ವಿದ್ಯಾರಣ್ಯಪುರದಲ್ಲಿ ನಮ್ಮ ನಾದಿನಿಯ ಮಗಳ ನಿಶ್ಚಿತಾರ್ಥ. ಎಲ್ಲರೂ ಮುಂದಿನ ಬಾಗಿಲಿನಿಂದ ಹೋದರೆ ಮಾವ ಹಿತ್ತಲ ಕಡೆಯಿಂದ ಅಡುಗೆಯವರ ಶಾಮಿಯಾನಕ್ಕೆ ನುಗ್ಗಿದರು. ಅಲ್ಲಿ ದೊಡ್ಡ ಗ್ಯಾಸ್ ಒಲೆಯ ಉರಿ ಹಳದಿಯಾಗಿತ್ತಂತೆ. ಹಳದಿ ಉರಿ ಕಂಡರೆ ಮಾವನಿಗೆ ಆಗುವ ಸಂಕಟ, ನಮಗೆ ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನನ್ನು ಕಂಡಾಗ ಆಗುವಂಥದ್ದು. ಬಗ್ಗಿ, ಒಲೆಯ ಬುಡದಲ್ಲಿ ಗಾಳಿ ಹೋಗುವ ಕಿಂಡಿಯನ್ನು ಒಂದು ಚೂರು ತಿರುಗಿಸಿದರು. ಅಷ್ಟೇ! ಉರಿ ನೀಲಿಯಾಗಿ ಭುಗ್ಗೆಂದು ಎದ್ದಿತು. ಮೇಲಿದ್ದ ಶಾವಿಗೆ ಪಾಯಸಕ್ಕೆ ಇಂಥ ಮರ್ಯಾದೆಯ ಅಭ್ಯಾಸವಿರಲಿಲ್ಲ. ಎರಡು ನಿಮಿಷಕ್ಕೆ ತಳ ಹತ್ತಿತು.

"ಯಜಮಾನ್ರೇ, ನೀವು ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?" ಎಂದು ಅಡುಗೆ ಭಟ್ಟರು ಸೌಟು ಹಿಡಿದು ಕೇಳಿದರು.

"ನಾನು ಉರಿ ಕಡೆಯೋನು" ಎಂದರು ಮಾವ.

ಊಟದ ಹೊತ್ತಿಗೆ ಗಂಡಿನ ಕಡೆಯವರು ಇವರನ್ನು ಹೆಣ್ಣಿನ ಕಡೆಯವರೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದೂ ಹೇಳಿ ಕೈ ತೊಳೆದುಕೊಂಡಿದ್ದರು. ನನ್ನ ಮೂಗು ಥೇಟ್ ಮಾವನದೇ ಆದ್ದರಿಂದ ನಾನು ಕಂಬದ ಹಿಂದೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಆದರೂ ಒಂದು ಮಾತು ಹೇಳಲೇಬೇಕು. ಆ ಉರಿ! ದುಂಡಗೆ, ನೀಲಿ ಹೂವಿನ ಹಾಗೆ, ಒಂದು ದಳವೂ ಅಲುಗದೆ ನಿಂತಿತ್ತು. ಬೈಯಲು ಬಾಯಿ ತೆರೆದಿದ್ದ ಭಟ್ಟರೇ ಒಂದು ಕ್ಷಣ ಬಾಯಿ ಮುಚ್ಚುವುದನ್ನು ಮರೆತು ಅದನ್ನು ನೋಡುತ್ತಾ ನಿಂತರು.

ಅಂಥ ಮಾವನಿಗೆ ಕಳೆದ ವರ್ಷ ಎದೆ ಹಿಡಿದುಕೊಂಡಿತು. ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ಎರಡು ಸ್ಟೆಂಟ್ ಹಾಕಿದರು. ಡಾಕ್ಟರು ಕಂಪ್ಯೂಟರಿನಲ್ಲಿ ಹೃದಯದ ಚಿತ್ರ ತೋರಿಸಿ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಿದರು. ಎಲ್ಲ ಕೇಳಿಸಿಕೊಂಡ ಮಾವ, "ಅಂಗಾದ್ರೆ ತಿದಿ ಸರಿಗೈತೆ, ಮೂತಿ ಕಟ್ಕೊಂಡಿತ್ತು ಅನ್ನಿ" ಎಂದರು. ಡಾಕ್ಟರು ಸ್ವಲ್ಪ ಯೋಚಿಸಿ, "ಹೌದು, ಅಷ್ಟೇ" ಎಂದರು. ಹತ್ತು ನಿಮಿಷ ದಂಡವಾಯಿತಲ್ಲ ಎನ್ನುವುದು ಅವರ ಮುಖದ ಮೇಲೆ ಬರೆದಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಮೂರೇ ಪದ: "ಭಾರದ ಕೆಲಸ ಬೇಡ." ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಹುಟ್ಟಾ ಚಿಂತಕಿ. ತತ್ವಜ್ಞಾನದ ಚಿಂತನೆಯಲ್ಲ, ಬರೀ ಚಿಂತೆ. ಸಂಜಯನಗರದ ನಮ್ಮ ಮನೆಯಿಂದ ಬಸ್ ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದೆನೇ ಎಂದು ವಾಪಸು ಬರುತ್ತೇನೆ; ಮತ್ತೆ ಬಸ್ ಸ್ಟಾಪಿಗೆ ಹೋಗಿ, ನೋಡಿಕೊಂಡು ಬಂದಾಗ ಬಾಗಿಲಿಗೆ ಬೀಗ ಹಾಕಿದೆನೇ ಎಂದು ಇನ್ನೊಮ್ಮೆ ಬರುತ್ತೇನೆ. ಇಂಥವಳ ಕೈಗೆ ಡಾಕ್ಟರ ಆ ಮೂರು ಪದ ಸಿಕ್ಕಿದರೆ? ಮೂವತ್ತೊಂದು ಅಂಶಗಳ ಪಟ್ಟಿಯಾಯಿತು! ಬಕೆಟ್ ಎತ್ತಬಾರದು. ಗೇಟು ತಳ್ಳಬಾರದು. ತೆಂಗಿನಕಾಯಿ ಸುಲಿಯಬಾರದು. ಎತ್ತರದ ಗೂಡಿಗೆ ಕೈ ಚಾಚಬಾರದು. ಹತ್ತೊಂಬತ್ತನೆಯದು, ಯಾರೊಂದಿಗೂ ವಾದ ಮಾಡಬಾರದು. ಅತ್ತೆ ಆ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿ, ಕುಲುಮೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಮೇಲೆ ಮಾವ ಜಗಲಿಯ ಮೇಲೆ ಕೂತರು. ಅಷ್ಟೇ, ಕೂತರು. ಜನ್ಮವೆಲ್ಲ ಕಬ್ಬಿಣ ಬಗ್ಗಿಸಿದ ಆ ಕೈಗಳು ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿದ್ದವು. ಹಾಲಿನವನು ಬಂದರೂ, ಸಿಲಿಂಡರಿನವನು ಬಂದರೂ, ದಾರಿ ತಪ್ಪಿ ವಿಳಾಸ ಕೇಳಲು ಯಾರಾದರೂ ನಿಂತರೂ ಒಂದೇ ಪ್ರಶ್ನೆ: "ನನ್ನಿಂದ ಏನಾರಾ ಆಗ್ಬೇಕಿತ್ತಾ?" ಒಂದು ದಿನ ನಾನು ಹೋದಾಗ ಎದುರುಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಊದುತ್ತಿದ್ದರು. ಮುಖದಲ್ಲಿ ಎಂಥ ಕಳೆ! ಅತ್ತೆ ಒಂದೇ ನೆಗೆತಕ್ಕೆ ಬಂದು ಬಲೂನು ಕಿತ್ತುಕೊಂಡರು. ಅದು ಪುರ್ರೆಂದು ಅಂಗಳವೆಲ್ಲ ಹಾರಾಡಿ ತುಳಸಿಕಟ್ಟೆಯ ಮೇಲೆ ಬಿದ್ದು ಪ್ರಾಣ ಬಿಟ್ಟಿತು. ಪಟ್ಟಿಗೆ ಮೂವತ್ತೆರಡನೆಯ ಅಂಶ ಸೇರಿತು. ಸೇರಿಸಿದವಳು ನಾನೇ. ಅಕ್ಷರ ಚೆನ್ನಾಗಿರುವವರ ಹಣೆಬರಹ!

ಹೀಗೆ ಎಂಟು ತಿಂಗಳು ಕಳೆದವು.

ನಾನು ಆರ್.ಟಿ. ನಗರದ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಅಲ್ಲಿ ಸಂಗೀತ ಕಲಿಸುವ ಮರ್ಸಿ ಮೇಡಂ ನಗರದ ಹಳೆಯ ಕ್ಯಾಥೆಡ್ರಲೊಂದರ ಗಾಯಕವೃಂದದಲ್ಲಿ ಹಾಡುತ್ತಾರೆ. ಒಂದು ದಿನ ಅವರು ಎರಡು ಪಾಸು ತಂದು ನನ್ನ ಮೇಜಿನ ಮೇಲಿಟ್ಟರು.

"ಜರ್ಮನಿಯಿಂದ ಆರ್ಗನ್ ಬಾರಿಸೋರು ಬರ್ತಿದ್ದಾರೆ ಕಣ್ರೀ. ಭಾನುವಾರ ನಾಲ್ಕು ಗಂಟೆಗೆ. ನಾನೇ ಪಕ್ಕದಲ್ಲಿ ನಿಂತು ಹಾಳೆ ತಿರುಗಿಸೋದು. ಬರಲೇಬೇಕು ನೀವು."

ಗಂಡನಿಗೆ ಅಂದು ಕ್ರಿಕೆಟ್ ಇತ್ತು. ಒಬ್ಬಳೇ ಹೋದರಾಯಿತು ಎಂದುಕೊಂಡವಳು, ಯಲಹಂಕಕ್ಕೆ ಹೋದಾಗ ಮಾವನ ಮುಂದೆ ಬಾಯಿಬಿಟ್ಟೆ: "ಎರಡಂತಸ್ತಿನ ಮನೆಯಷ್ಟು ಎತ್ತರದ ಹಾರ್ಮೋನಿಯಂ ಇದ್ದ ಹಾಗಂತೆ ಮಾವ. ನೂರಾರು ಕೊಳವೆ. ಅಷ್ಟಕ್ಕೂ ಗಾಳಿ ಕೊಡೋದು ಒಳಗಿರೋ ಒಂದು ತಿದಿಯಂತೆ."

ಮಾವ ಬಾಯಿಯ ಹತ್ತಿರ ಒಯ್ದಿದ್ದ ಮುದ್ದೆಯ ತುತ್ತನ್ನು ವಾಪಸು ತಟ್ಟೆಗಿಟ್ಟರು. "ಎಷ್ಟೊತ್ತಿಗೆ ಒರಡೋದು?"

ಅತ್ತೆ ಒಪ್ಪುವುದು ಸುಲಭವಿರಲಿಲ್ಲ. "ಕರ್ಕೊಂಡೋದಂಗೇ ಕರ್ಕೊಂಬಂದು ಬಿಡಬೇಕು. ಒಂದು ಕೂದ್ಲು ಕೊಂಕಿದ್ರೂ ನಿನ್ನೇ ಕೇಳೋದು" ಎಂದು ಬೆರಳು ತೋರಿಸಿದರು. ಕೊಂಕಲು ಮಾವನ ತಲೆಯಲ್ಲಿ ಕೂದಲೇ ಇಲ್ಲವೆಂಬ ಧೈರ್ಯದ ಮೇಲೆ ನಾನು ಒಪ್ಪಿಕೊಂಡೆ.

ಭಾನುವಾರ ನನ್ನ ಚೀಲದಲ್ಲಿ ಇದ್ದದ್ದು: ನಾಲಿಗೆಯಡಿ ಇಡುವ ಮಾತ್ರೆ, ಅದು ಕಳೆದುಹೋದರೆ ಇರಲಿ ಎಂದು ಇನ್ನೊಂದು ಪಟ್ಟಿ, ಬಿ.ಪಿ. ನೋಡುವ ಯಂತ್ರ, ಅದಕ್ಕೆ ಬದಲಿ ಸೆಲ್ಲು, ಬಿಸಿನೀರು, ತಣ್ಣೀರು, ದಾರಿಯುದ್ದಕ್ಕೂ ಇರುವ ಆಸ್ಪತ್ರೆಗಳ ನಂಬರು. ಮಾವನ ಕೈಯಲ್ಲಿ ಇದ್ದದ್ದು: ಒಗೆದು ಮಡಚಿದ ಕರ್ಚೀಫು.

ಕ್ಯಾಥೆಡ್ರಲಿನ ಮೆಟ್ಟಿಲ ಬಳಿ ಮಾವ ಚಪ್ಪಲಿ ಬಿಟ್ಟರು. "ಇಲ್ಲಿ ಬಿಡಬೇಕಾಗಿಲ್ಲ ಮಾವ, ಎಲ್ಲರೂ ಹಾಕ್ಕೊಂಡೇ ಹೋಗ್ತಾರೆ" ಎಂದೆ. "ಅವ್ರು ಓಗ್ಲಿ. ಅವ್ರು ದಿನಾ ಬರೋರು" ಎಂದು ಬರಿಗಾಲಲ್ಲೇ ಒಳಗೆ ನಡೆದರು.

ಒಳಗೆ ಕಾಲಿಟ್ಟವರು ಗಕ್ಕನೆ ನಿಂತರು. ನಾನೂ ನಿಂತೆ. ಎತ್ತರವೆಂದರೆ ಎತ್ತರ! ಬಣ್ಣದ ಗಾಜಿನಿಂದ ಇಳಿದ ಬೆಳಕು ನೆಲದ ಮೇಲೆ ಕೆಂಪಗೆ, ನೀಲಿಯಾಗಿ ಬಿದ್ದಿತ್ತು. ಆ ಕೊನೆಯಲ್ಲಿ, ಪೀಠದ ಎಡಕ್ಕೆ, ಗೋಡೆಯುದ್ದಕ್ಕೂ ಕೊಳವೆಗಳು ಎದ್ದು ನಿಂತಿದ್ದವು. ಬೆರಳಿನಷ್ಟು ಸಣ್ಣವು, ಅಡಿಕೆಮರದಷ್ಟು ದಪ್ಪನೆಯವು, ಸಾಲುಸಾಲಾಗಿ. ಮಾವ ಹತ್ತಿರ ಹೋಗಿ ಒಂದನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, ಕಿವಿಯಿಟ್ಟು ಕೇಳಿದರು.

"ಯಾರು ಬಡಿದಿರೋದು ಇದನ್ನ?"

ಎದುರುಗೊಳ್ಳಲು ಬಂದ ಮರ್ಸಿ ಮೇಡಂ ನಕ್ಕರು. "ಯಾರೋ ಇಂಗ್ಲೆಂಡಿನವರು ಅಂಕಲ್. ಸತ್ತು ನೂರು ವರ್ಷ ಆಗಿರಬಹುದು."

"ಕೈ ಬಲು ಹಗುರ ಅವಂದು" ಎಂದು ಮಾವ ಆ ಸತ್ತವನಿಗೆ ಒಂದು ನಮಸ್ಕಾರ ಹಾಕಿದರು.

ಮರ್ಸಿ ಮೇಡಂ ಇನ್ನೂ ಸಮಯವಿದೆ ಎಂದು ನಮ್ಮನ್ನು ಆರ್ಗನ್ನಿನ ಹಿಂಬದಿಗೆ ಕರೆದುಕೊಂಡು ಹೋಗಿ ಒಂದು ಕಿರುಬಾಗಿಲು ತೆಗೆದರು. ಒಳಗೆ ಮಂಚದಷ್ಟು ಅಗಲದ ತಿದಿ! ಮಡಿಕೆಮಡಿಕೆ ಚರ್ಮ, ಮೇಲೆ ಭಾರಕ್ಕೆ ಹೇರಿದ ಕಬ್ಬಿಣದ ಹಲಗೆಗಳು. ಪಕ್ಕದ ಮೋಟರು ಅದಕ್ಕೆ ಗಾಳಿ ತುಂಬುತ್ತದಂತೆ. ಮೋಟರು ಬರುವ ಮೊದಲು ಇಬ್ಬರು ಆಳುಗಳು ನಿಂತು ಕೈಯಿಂದ ಒತ್ತುತ್ತಿದ್ದರಂತೆ. ಆ ಕಾಲದ ಉದ್ದನೆಯ ಮರದ ಹಿಡಿಯನ್ನು ತೆಗೆಸದೆ ಹಾಗೇ ಉಳಿಸಿಕೊಂಡಿದ್ದರು. ಮಾವ ಆ ಚರ್ಮವನ್ನು ಮುಟ್ಟಿದರು. ಮೂಸಿದರು. ಆಮೇಲೆ ನನ್ನ ಕಡೆ ತಿರುಗಿ, ದೂರದ ಊರಿನಲ್ಲಿ ಅಚಾನಕ್ಕಾಗಿ ನೆಂಟರು ಸಿಕ್ಕಿದವರ ಹಾಗೆ, "ಕುರಿ ಚರ್ಮ ಕಣವ್ವಾ! ನಮ್ಮನೇದೇ!" ಎಂದರು. ನನಗೆ ಅವರನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯಿತು.

ಬಾರಿಸಲು ಬಂದವರು ಅರವತ್ತು ದಾಟಿದ ಒಬ್ಬ ಪುಟ್ಟ ಹೆಂಗಸು. ಬಿಳಿ ಕೂದಲು, ಗುಬ್ಬಚ್ಚಿಯಂಥ ಮೈ. ಬೆಂಚಿನ ಮೇಲೆ ಕೂತು, ಹಾಕಿಕೊಂಡಿದ್ದ ಷೂ ಬಿಚ್ಚಿ, ಚೀಲದಿಂದ ತೆಳುವಾದ ಬೇರೊಂದು ಜೊತೆ ತೆಗೆದು ಹಾಕಿಕೊಂಡರು. ಕಾಲಿನಡಿಯಲ್ಲೂ ಉದ್ದುದ್ದ ಮರದ ಪಟ್ಟಿಗಳಿದ್ದವು.

"ಕಾಲಲ್ಲೂ ಬಾರಿಸ್ತಾರಾ!" ಎಂದರು ಮಾವ. ಮುಂದಿನ ಸಾಲಿನ ಸೂಟಿನ ಮಹನೀಯರೊಬ್ಬರು ತಿರುಗಿ ನೋಡಿದರು. ಇವತ್ತು ಯಾವ ಕಂಬದ ಹಿಂದೆ ನಿಲ್ಲಲಿ ಎಂದು ನಾನು ಆಗಲೇ ಹುಡುಕತೊಡಗಿದ್ದೆ.

ಆಮೇಲೆ ಶುರುವಾಯಿತು. ಮೊದಲು ಒಂದೇ ಒಂದು ಸಣ್ಣ ಸ್ವರ, ಮೇಲಿನಿಂದ ದಾರ ಇಳಿಬಿಟ್ಟ ಹಾಗೆ. ಅದಕ್ಕೆ ಇನ್ನೊಂದು ಬಂದು ಸುತ್ತಿಕೊಂಡಿತು, ಮತ್ತೊಂದು ಬಂತು. ಆಗ ಆಕೆಯ ಎಡಗಾಲು ನಿಧಾನವಾಗಿ ಕೆಳಗಿಳಿಯಿತು ನೋಡಿ! ಕೂತ ಬೆಂಚು ನಡುಗಿತು. ಗೋಡೆ ಹುಮ್ಮೆಂದಿತು. ನನ್ನ ಪಕ್ಕೆಲುಬುಗಳ ನಡುವೆ ಯಾರೋ ದೀಪ ಹಿಡಿದುಕೊಂಡು ಓಡಾಡಿದ ಹಾಗಾಯಿತು. ಇಷ್ಟು ದೊಡ್ಡ ಸದ್ದು ಇಷ್ಟು ಮೆತ್ತಗೆ ಇರಲು ಸಾಧ್ಯವೆಂದು ನನಗೆ ಐವತ್ತೆರಡು ವರ್ಷವಾದರೂ ಗೊತ್ತಿರಲಿಲ್ಲ. ಆ ಬೆರಗಿನ ನಡುವೆಯೂ ನನ್ನ ಹಾಳು ಬುದ್ಧಿ ಕೇಳಿದ ಪ್ರಶ್ನೆ: ಇದು ಸ್ಟೆಂಟಿಗೆ ಒಳ್ಳೆಯದೇ?

ಮಾವನ ಕಡೆ ತಿರುಗಿದೆ. ಅವರು ಎರಡೂ ಅಂಗೈಗಳನ್ನು ಬೆಂಚಿನ ಮೇಲೆ ಒತ್ತಿ, ಬಾಯಿ ತೆರೆದು ಕೂತಿದ್ದರು. ಬರಿಗಾಲ ಬೆರಳುಗಳು ಕಲ್ಲುನೆಲವನ್ನು ಹಿಡಿದುಕೊಂಡಿದ್ದವು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಬಾರಿಗೆ ಮಾವ ಒಂದು ಗಂಟೆ ಮಾತಾಡದೆ ಇದ್ದರು. ಒಮ್ಮೆ ಮಾತ್ರ, ಎರಡು ರಚನೆಗಳ ನಡುವೆ, ಪಿಸುಗುಟ್ಟಿದರು: "ಮನುಷ್ಯರ ಎದೆಯಿಂದ ಇಷ್ಟು ಗಾಳಿ ಬರಾಕೆ ಸಾವಿರ ಜನ ಬೇಕು ಕಣವ್ವಾ."

ಉಳಿದಿದ್ದದ್ದು ಒಂದೇ ರಚನೆ. ಅದೇ ದೊಡ್ಡದು, ಅದಕ್ಕೇ ಎಲ್ಲರೂ ಬಂದಿರುವುದು ಎಂದು ಮರ್ಸಿ ಮೇಡಂ ಮೊದಲೇ ಹೇಳಿದ್ದರು. ಆಕೆ ಕೈಯೆತ್ತಿ, ಮೊದಲ ಸ್ವರ ಊರಿದರು. ಕರೆಂಟ್ ಹೋಯಿತು.

ಆರ್ಗನ್ ಒಂದು ದೊಡ್ಡ ಪ್ರಾಣಿ ಮಂಡಿಯೂರಿದ ಹಾಗೆ ನರಳುತ್ತಾ ಇಳಿದು ನಿಂತಿತು. ಫ್ಯಾನುಗಳು ನಿಂತವು. ಪಾದ್ರಿಗಳು ಎದ್ದು ಬಂದು, ಜನರೇಟರು ದೀಪಕ್ಕೆ, ಮೈಕಿಗೆ ಮಾತ್ರ ಸಾಲುತ್ತದೆ, ಆರ್ಗನ್ನಿನ ಮೋಟರಿಗೆ ಸಾಲದು, ಹತ್ತು ನಿಮಿಷ ಕಾಯೋಣ, ಕಲಾವಿದೆ ಇವತ್ತೇ ವಿಮಾನ ಹಿಡಿಯಬೇಕಾದ್ದರಿಂದ ಕರೆಂಟ್ ಬಾರದಿದ್ದರೆ ಇಲ್ಲಿಗೇ ಮುಗಿಸಬೇಕಾಗುತ್ತದೆ, ಕ್ಷಮಿಸಿ ಎಂದರು. ಅಷ್ಟು ದೊಡ್ಡ ವಾದ್ಯದ ಮುಂದೆ ಆ ಪುಟ್ಟ ಹೆಂಗಸು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಕೈಗಳನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿ ಪಕ್ಕಕ್ಕೆ ತಿರುಗಿದೆ.

ಮಾವ ಇರಲಿಲ್ಲ!

ಚೀಲ ಎದೆಗವಚಿಕೊಂಡು ಓಡಿದೆ. ಕಿರುಬಾಗಿಲು ತೆರೆದಿತ್ತು. ಮಾವ ಅಂಗಿಯ ತೋಳು ಮಡಚಿ, ಮರದ ಹಿಡಿಯನ್ನು ಕರ್ಚೀಫಿನಿಂದ ಒರೆಸುತ್ತಿದ್ದರು. ಪಕ್ಕದಲ್ಲಿ ಮರ್ಸಿ ಮೇಡಂ.

"ಅಂಕಲ್ ಒತ್ತಬಹುದಾ ಅಂತ ಕೇಳ್ತಿದ್ದಾರೆ. ಆಗುತ್ತಾ ಕಣ್ರೀ?" ಎಂದರು ಆಸೆಯಿಂದ.

"ಆಗಲ್ಲ!" ಎಂದೆ. "ಮಾವ, ಪಟ್ಟಿ ಮರೆತುಹೋಯ್ತಾ?"

"ಅದ್ರಾಗೆ ತಿದಿ ಒತ್ಬಾರ್ದು ಅಂತ ಎಲ್ಲೈತೆ ಯೋಳು?"

ನಿಜಕ್ಕೂ ಇರಲಿಲ್ಲ. ಕುಲುಮೆಗೆ ಬೀಗವೇ ಬಿದ್ದ ಮೇಲೆ ಅದನ್ನು ಬೇರೆ ಏಕೆ ಬರೆಯುತ್ತಾರೆ? ಮೂವತ್ತೆರಡು ಅಂಶ ಬರೆದವಳಿಗೆ ಒಂದು ಮುಖ್ಯವಾದದ್ದೇ ತಪ್ಪಿಹೋಗಿತ್ತು!

"ನಿಮಗೇನಾದ್ರೂ ಆದ್ರೆ ಅತ್ತೆಗೆ ನಾನೇನು ಹೇಳಲಿ ಮಾವ?"

ಮಾವ ಜಗಳ ಆಡಲಿಲ್ಲ. ಮೆಲ್ಲಗೆ ಹೇಳಿದರು: "ಎಂಟು ತಿಂಗಳಾತವ್ವಾ. ಒಂದು ಲೋಟ ನೀರು ತಂದುಕೊಡು ಅಂತ ಕೂಡ ಯಾರೂ ನನ್ನ ಕೇಳಿಲ್ಲ. ಸತ್ತೋನನ್ನ ಕೂರ್ಸಿದಂಗೆ ಕೂರ್ಸಿದ್ದೀರ. ಉಳಿಸ್ಕೊಂಡಿದ್ದು ಯಾತಕ್ಕೆ, ನೋಡ್ಕೊಂಡು ಕೂರಾಕಾ?"

ಚೀಲದೊಳಗೆ ಕೈ ಹಾಕಿ ಆಸ್ಪತ್ರೆಯ ನಂಬರುಗಳನ್ನು ಪಕ್ಕಕ್ಕೆ ಸರಿಸಿದೆ. ಕೊನೆಗೆ ಮಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅವರ ಮಣಿಕಟ್ಟಿನ ನಾಡಿಯ ಮೇಲಿಟ್ಟೆ. "ನಾನು ಸಾಕು ಅಂದ ತಕ್ಷಣ ಬಿಡಬೇಕು."

"ಆಗ್ಲಿ ತಾಯಿ" ಎಂದು ಮಾವ ಹಿಡಿ ಒತ್ತಿದರು.

ಹಿಡಿ ಕಿರ್ರೆಂದಿತು. ತಿದಿ ಅಲುಗಿತು. ಮಲಗಿದ್ದ ಚರ್ಮದ ಮಡಿಕೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಾ, ಕಬ್ಬಿಣದ ಹಲಗೆಗಳನ್ನು ಹೊತ್ತುಕೊಂಡು ಮೇಲೆದ್ದವು. ಮರ್ಸಿ ಮೇಡಂ ಓಡಿಹೋಗಿ ಆಕೆಯ ಕಿವಿಯಲ್ಲಿ ಹೇಳಿದರು. ಆರ್ಗನ್ ಬಾಯಿಬಿಟ್ಟಿತು!

ಮಾವ ಒತ್ತಿದರು. ಆಹಾ, ಆ ಬೆನ್ನು, ಆ ತೋಳು! ಎಂಟು ತಿಂಗಳ ಜಗಲಿ ಎಲ್ಲಿ ಹೋಯಿತೋ. ಗೋಡೆಯ ಆಚೆ ಸಂಗೀತ ಏರುತ್ತಾ ಏರುತ್ತಾ ಹೋಯಿತು. ಒಮ್ಮೆ ಆಕೆ ಭಾರೀ ಸ್ವರವೊಂದನ್ನು ಬಾರಿಸಿ, ಥಟ್ಟನೆ ಎರಡೂ ಕೈ ಮೇಲೆತ್ತಿಬಿಟ್ಟರು. ಮೌನ. ಅದು ಸಂಗೀತದಲ್ಲೇ ಬರೆದಿಟ್ಟ ಮೌನ. ಅದರ ಬೆನ್ನಿಗೇ ಇನ್ನೂ ದೊಡ್ಡ ಸ್ವರ ಬರಬೇಕು.

ಮಾವ ಹಿಡಿ ಬಿಟ್ಟು ಬೆವರು ಒರೆಸಿಕೊಂಡರು.

ಆಕೆಯ ಕೈ ಮತ್ತೆ ಇಳಿಯುವ ಹೊತ್ತಿಗೆ ತಿದಿಯಲ್ಲಿ ಅರ್ಧ ಗಾಳಿಯೂ ಇರಲಿಲ್ಲ. ಆರ್ಗನ್ "ವೋಂ..." ಎಂದು, ಹೊಟ್ಟೆ ಕೆಟ್ಟ ಆನೆಯ ಹಾಗೆ ನರಳಿತು.

"ಅಂಕಲ್! ನಿಲ್ಲಿಸಿದ್ದು ಯಾಕೆ?" ಮರ್ಸಿ ಮೇಡಂ ಓಡಿ ಬಂದರು.

"ಕಬ್ಬಿಣ ಈಚೆ ತೆಗೆದ್ರಲ್ಲ?" ಎಂದರು ಮಾವ, ಅಷ್ಟೇ ಆಶ್ಚರ್ಯದಿಂದ.

"ಯಾವ ಕಬ್ಬಿಣ!"

ನಾನೇ ಬಿಡಿಸಿ ಹೇಳಬೇಕಾಯಿತು. ಕುಲುಮೆಯಲ್ಲಿ ಸದ್ದು ನಿಂತಿತೆಂದರೆ ಕಾದ ಕಬ್ಬಿಣವನ್ನು ಕೆಂಡದಿಂದ ಈಚೆ ತೆಗೆದರು ಎಂದರ್ಥ. ಆಗಲೂ ತಿದಿ ಒತ್ತುತ್ತಿದ್ದರೆ ಇದ್ದಿಲು ದಂಡ. ಮಾವನಿಗೆ ಅವರಪ್ಪನಿಂದ ತಲೆಯ ಮೇಲೆ ಮೊಟಕು ಬೀಳುತ್ತಿತ್ತು. ಆ ಮೊಟಕಿನ ನೆನಪಿಗೆ ಜರ್ಮನಿಯ ಸಂಗೀತ ನಿಂತುಹೋಗಿತ್ತು! ಆಮೇಲೆ ತಿಳಿದದ್ದು: ಸಭೆಯಲ್ಲಿ ಯಾರಿಗೂ ಇದು ತಪ್ಪೆಂದು ಗೊತ್ತಾಗಿರಲಿಲ್ಲ. ಸೂಟಿನ ಮಹನೀಯರು ಆ ನರಳಾಟಕ್ಕೆ ಕಣ್ಣು ಮುಚ್ಚಿ ತಲೆದೂಗಿದ್ದರಂತೆ.

ಮರ್ಸಿ ಮೇಡಂ ಗೋಡೆಯ ಮೇಲೆ ದಾರದಿಂದ ತೂಗುತ್ತಿದ್ದ ಒಂದು ಸೀಸದ ಗುಂಡನ್ನೂ ಅದರ ಪಕ್ಕ ಎಳೆದ ಎರಡು ಗೀಟುಗಳನ್ನೂ ತೋರಿಸಿದರು. ತಿದಿ ತುಂಬಿದಂತೆ ಗುಂಡು ಕೆಳಗಿಳಿಯುತ್ತದೆ, ಖಾಲಿಯಾದಂತೆ ಮೇಲೇರುತ್ತದೆ. "ಮೇಲಿನ ಗೀಟು ದಾಟೋಕೆ ಬಿಡಬೇಡಿ ಅಂಕಲ್. ಹಾಡು ಕೇಳಬೇಡಿ, ಗುಂಡು ನೋಡಿ."

"ಬೆಂಕಿ ನೋಡಿದಂಗೆ" ಎಂದರು ಮಾವ. "ಮೊದ್ಲೇ ಯೋಳ್ಬಾರ್ದಾ?"

ಆ ಪುಟ್ಟ ಹೆಂಗಸು ಬೆಂಚಿನಿಂದ ಎದ್ದು ಬಂದು ಕಿರುಬಾಗಿಲಲ್ಲಿ ಇಣುಕಿ ನೋಡಿದರು. ಬರಿಗಾಲಲ್ಲಿ ನಿಂತ ಮುದುಕನನ್ನು, ಮಡಚಿದ ತೋಳನ್ನು, ನಾಡಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ನಕ್ಕು, ಹೆಬ್ಬೆರಳೆತ್ತಿದರು. ಮಾವನೂ ಎತ್ತಿದರು. ಸಂಗೀತ ಮೊದಲಿನಿಂದ ಶುರುವಾಯಿತು.

ಈ ಸಲ ಮಾವನ ಕಣ್ಣು ಗುಂಡಿನಿಂದ ಅಲುಗಲಿಲ್ಲ. ಸಂಗೀತ ಗುಡುಗಿದರೂ, ಗುಬ್ಬಿಯಷ್ಟು ಸಣ್ಣಗಾದರೂ, ನಿಂತರೂ, ಗುಂಡು ಎರಡು ಗೀಟುಗಳ ನಡುವೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಹಿಡಿಯ ಕಿರ್ರೆನ್ನುವ ಸದ್ದು ಕೂಡ ಅಡಗಿತ್ತು. ಆಚೆ ಕಡೆ ಸಾವಿರ ಎದೆಗಳ ಉಸಿರು, ಈಚೆ ಕಡೆ ಒಂದೇ ಒಂದು, ಅದೂ ರಿಪೇರಿಯಾದ ಎದೆಯದು. ನಾನು ನಾಡಿ ಎಣಿಸುವುದನ್ನು ಮರೆತೆ. ನಾನು! ಮರೆತೆ!

ನೆನಪಾದಾಗ ಬೆಚ್ಚಿ ಬೆರಳೊತ್ತಿದೆ. ನಾಡಿ ಓಡುತ್ತಿತ್ತು. ಮಾವನ ಅಂಗಿ ಬೆನ್ನಿಗೆ ಅಂಟಿತ್ತು. "ಸಾಕು" ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಮಾವನೇ ನನ್ನ ಕಡೆ ತಿರುಗದೆ ಹೇಳಿದರು:

"ಬಾರವ್ವಾ. ಇಡ್ಕೋ."

ಅವರು ಬಿಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ನನಗೆ ಹಿಡಿ ಕೊಡುತ್ತಾರೆಂದಂತೂ ಅಂದುಕೊಂಡೇ ಇರಲಿಲ್ಲ. ಚೀಲ, ಮಾತ್ರೆ ಎಲ್ಲ ನೆಲಕ್ಕೆ ಹಾಕಿ ಹಿಡಿದುಕೊಂಡೆ. ಅಬ್ಬಾ, ಅದರ ಭಾರ! ಗಾಬರಿಯಲ್ಲಿ ಎರಡು ಸಲ ದಡಬಡ ಒತ್ತಿದೆ.

"ಮೆಲ್ಲಗೆ. ಅದು ಓಡಿ ಓಗಲ್ಲ" ಎಂದು ಮಾವ ಅಲ್ಲಿದ್ದ ಮಣೆಯ ಮೇಲೆ ಕೂತರು. "ನಿಮ್ಮವ್ವನೂ ಇಂಗೇ ಅವಸ್ರ ಮಾಡೋಳು."

"ಅಮ್ಮ ತಿದಿ ಒತ್ತುತ್ತಿದ್ದಳಾ?"

"ಮತ್ತೆ? ನಾನು ಬಡಿಯೋನು, ಅವಳು ಒತ್ತೋಳು. ಮದುವೆ ಆಗೋಗಂಟ."

ಅಮ್ಮ ತೀರಿಕೊಂಡು ಎಂಟು ವರ್ಷವಾಯಿತು. ಒಂದು ದಿನವೂ ನನಗಿದನ್ನು ಹೇಳಿರಲಿಲ್ಲ. ಅವಳ ಅಂಗೈ ಯಾಕೆ ಅಷ್ಟು ಒರಟೆಂದು ನಾನೂ ಒಂದು ದಿನ ಕೇಳಿರಲಿಲ್ಲ.

ಮಾವ ಗುಂಡು ನೋಡುತ್ತಾ, "ಹೂಂ" ಎಂದಾಗ ಒತ್ತಿದೆ, "ಇರು" ಎಂದಾಗ ನಿಂತೆ. ಆಮೇಲೆ ಅವರು ಏನೂ ಅನ್ನದಿದ್ದರೂ ಕೈಗೆ ತಿಳಿಯತೊಡಗಿತು. ನಾನು ಒತ್ತಿದ ಗಾಳಿ ಎಲ್ಲೆಲ್ಲಿಂದಲೋ ಹಾದು, ಆ ಕೊಳವೆಗಳಲ್ಲಿ ಏರಿ, ಚಾವಣಿಯವರೆಗೆ ಹಾಡಾಗಿ ಹೋಗುತ್ತಿತ್ತು.

ಕೊನೆಯ ಸ್ವರ ಬಂತು. ಹತ್ತು ಬೆರಳು, ಎರಡು ಕಾಲು ಎಲ್ಲವನ್ನೂ ಊರಿ ಆಕೆ ಹಿಡಿದುಬಿಟ್ಟರು. ಬಿಡುವ ಲಕ್ಷಣವೇ ಇಲ್ಲ. ಗುಂಡು ಮೇಲೇರತೊಡಗಿತು. ಒತ್ತಿದೆ. ಇನ್ನೂ ಹಿಡಿದಿದ್ದಾರೆ. ಮತ್ತೆ ಒತ್ತಿದೆ. ತೋಳು ಬಿದ್ದುಹೋಗುವ ಹಾಗಾಗಿತ್ತು. ನಡುವೆ ಮುರಿದರೆ? ನನ್ನಿಂದ ಮುರಿದರೆ?

ಮಾವ ಎದ್ದು ಬಂದು ನನ್ನ ಕೈಯ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು.

"ಬಿಡವ್ವಾ."

"ಮಾವ, ಖಾಲಿಯಾಗ್ತಿದೆ!"

"ಆಗ್ಲಿ. ಒಳಗಿರೋದು ಸಾಕು. ಇನ್ನ ಒತ್ಬೇಡ, ಕೇಳು."

ಹಿಡಿ ಬಿಟ್ಟೆ. ಸ್ವರ ನಿಲ್ಲಲಿಲ್ಲ.